ಕ್ಯಾಬಿನ್ ಮಾಡಿನ ತುಕ್ಕು: ಸ್ಟೀಲ್ ಬೋಟಿನವರಿಗೆ ಒಂದು ಬಹಿರಂಗ ಪತ್ರ

ಮಲ್ಪೆ, ಮಂಗಳೂರು, ಗಂಗೊಳ್ಳಿ, ಭಟ್ಕಳ, ತದಡಿ, ಕಾರವಾರ ಬಂದರುಗಳ ಸ್ಟೀಲ್ ಬೋಟ್ ಮಾಲಕರಿಗೆ, ತಾಂಡೇಲರಿಗೆ, ಗ್ರೈಂಡರ್ ಮತ್ತು ಬ್ರಷ್ ಹಿಡಿದು ಬೋಟಿನ ಮೇಲೆ ಹತ್ತುವ ಕೆಲಸಗಾರರಿಗೆ,

ಜೂನ್ 1ಕ್ಕೆ ಯಾಂತ್ರೀಕೃತ ಮೀನುಗಾರಿಕೆಗೆ ರಜೆ ಬಿದ್ದರೆ ಮತ್ತೆ ಕಡಲಿಗಿಳಿಯುವುದು ಆಗಸ್ಟ್ 1ರಿಂದ. ನಡುವಿನ 61 ದಿನಗಳಲ್ಲಿ ಬೋಟಿನ ಇಡೀ ವರ್ಷದ ರಿಪೇರಿ ಮುಗಿಯಬೇಕು. ಎಂಜಿನ್ ಬಿಚ್ಚಬೇಕು, ಪ್ರೊಪೆಲ್ಲರ್ ನೋಡಬೇಕು, ವಿಂಚ್ ಸರಿಮಾಡಬೇಕು, ಬಲೆ ಕಟ್ಟಬೇಕು, ತಳಕ್ಕೆ ಬಣ್ಣ ಆಗಬೇಕು. ಕ್ಯಾಬಿನ್ನಿನ ಮಾಡಿನ ಸರದಿ ಬರುವುದು ಎಲ್ಲದರ ಕೊನೆಗೆ, ಕೈಯಲ್ಲಿದ್ದ ದುಡ್ಡೂ ದಿನವೂ ತೀರುತ್ತ ಬಂದಾಗ. ಜುಲೈ ಕೊನೆಯ ವಾರ ಮಳೆ ಒಂದು ಗಳಿಗೆ ಬಿಟ್ಟಿತೆಂದರೆ ಇಬ್ಬರು ಮೇಲೆ ಹತ್ತುತ್ತಾರೆ. ವೈರ್ ಬ್ರಷ್ಷಿನಿಂದ ನಾಲ್ಕು ಎಳೆತ, ಗುಂಡಿ ಬಿದ್ದಲ್ಲಿ ಒಂದಿಷ್ಟು ಪುಟ್ಟಿ, ಮೇಲೆ ರೆಡ್ ಆಕ್ಸೈಡ್, ಅದು ಒಣಗುವ ಮೊದಲೇ ಬಿಳಿ ಎನಾಮೆಲ್. ಸಮುದ್ರ ಪೂಜೆಯ ಹೊತ್ತಿಗೆ ಮಾಡು ಫಳಫಳ ಹೊಳೆಯುತ್ತದೆ. ದೀಪಾವಳಿ ಕಳೆಯುವುದರೊಳಗೆ ವೀಲ್‌ಹೌಸಿನ ಗಾಜಿನ ಮೇಲೆ ಕಂದು ನೀರಿನ ಗೆರೆಗಳು ಇಳಿಯತೊಡಗುತ್ತವೆ.

ಈ ಕ್ರಮ ಬದಲಾಗಬೇಕೆಂದು ಕೇಳಿಕೊಳ್ಳಲು ಈ ಪತ್ರ. ನನ್ನ ಬೇಡಿಕೆ ಇಷ್ಟೇ: ಮಾಡಿನ ತುಕ್ಕನ್ನು ಜೂನ್ ಮೊದಲ ವಾರವೇ ಕೆತ್ತಿ ತೆಗೆಯಿರಿ, ಜೂನ್ ಮಳೆ ಅದನ್ನು ತೊಳೆಯಲಿ, ಆಮೇಲೆ ಮೇಲೊಂದು ಚಪ್ಪರ ಕಟ್ಟಿ ಒಣಗಿಸಿ, ಪುಟ್ಟಿ ತುಂಬಿ, ಬಣ್ಣ ಹಚ್ಚಿ. ಕೊನೆಗೆ ಮಾಡುವ ಕೆಲಸವನ್ನು ಮೊದಲಿಗೆ ತರುವುದು, ಅಷ್ಟೇ.

ಮಾಡಿನ ಬಗ್ಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೆ ಎಂದು ಕೇಳುವವರಿದ್ದಾರೆ. ನೀರೊಳಗಿನ ತಳಕ್ಕೆ ಸತುವಿನ ಗಟ್ಟಿ ಬೆಸೆದಿರುತ್ತೇವೆ. ಆ ಸತು ತಾನು ಕರಗಿ ಉಕ್ಕನ್ನು ಕಾಯುತ್ತದೆ. ಆದರೆ ಅದು ಕೆಲಸ ಮಾಡುವುದು ನೀರಲ್ಲಿ ಮುಳುಗಿದ ಭಾಗಕ್ಕೆ ಮಾತ್ರ. ಮಾಡಿಗೆ ಅಂಥ ರಕ್ಷಣೆ ಯಾವುದೂ ಇಲ್ಲ, ಬಣ್ಣದ ಪೊರೆ ಬಿಟ್ಟರೆ. ಅಲ್ಲಿನ ಹಾಳೆಯೂ ತಳದ ಹಾಳೆಗಿಂತ ತೆಳು. ಹಗಲೆಲ್ಲ ಬಿಸಿಲು ಕಾದು, ರಾತ್ರಿ ಇಬ್ಬನಿ ಬಿದ್ದು, ಮರುದಿನ ಅಲೆಯ ತುಂತುರು ಹಾರಿ, ಅದು ಒಣಗಿ ಉಪ್ಪಾಗಿ ನಿಲ್ಲುತ್ತದೆ. ಜಿಪಿಎಸ್ ಆಂಟೆನಾ, ವಿಎಚ್‌ಎಫ್ ಕಂಬಿ, ಸರ್ಚ್‌ಲೈಟ್, ಸೋಲಾರ್ ಪ್ಯಾನೆಲ್, ಈಗ ಹೊಸದಾಗಿ ಬಂದಿರುವ ಟ್ರಾನ್ಸ್‌ಪಾಂಡರ್, ಪ್ರತಿಯೊಂದಕ್ಕೂ ಅಲ್ಲಿ ತೂತು ಕೊರೆಯುತ್ತೇವೆ. ಹಗ್ಗದ ಸುರುಳಿ, ಬಲೆ, ಐಸಿನ ಪೆಟ್ಟಿಗೆ ಎಲ್ಲವನ್ನೂ ಅಲ್ಲೇ ಎಸೆಯುತ್ತೇವೆ. ಆ ಮಾಡಿನ ಕೆಳಗೆ ತಾಂಡೇಲ ಚುಕ್ಕಾಣಿ ಹಿಡಿದಿರುತ್ತಾನೆ, ಕಲಾಸಿಗಳು ಮಲಗಿರುತ್ತಾರೆ, ವಯರ್‌ಲೆಸ್, ಎಕೋ ಸೌಂಡರ್, ಬ್ಯಾಟರಿ ಎಲ್ಲ ಇರುತ್ತವೆ. ಮಾಡು ಸೋರಿ ನಡುಗಡಲಲ್ಲಿ ವಯರ್‌ಲೆಸ್ ಕೆಟ್ಟರೆ ಅದು ಬರೀ ಬಣ್ಣ ಹೋದ ಮಾತಾಗಿ ಉಳಿಯುವುದಿಲ್ಲ.

ತುಕ್ಕು ಹಿಡಿದದ್ದಕ್ಕೆ ನಾವೆಲ್ಲ ಮಳೆಯನ್ನು ದೂರುತ್ತೇವೆ. ಕೊಡಚಾದ್ರಿಗೆ ಹೋದವರು ಅಲ್ಲಿ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ನಿಂತಿರುವ ಕಬ್ಬಿಣದ ಕಂಬವನ್ನು ನೋಡಿರಬಹುದು. ಪಶ್ಚಿಮ ಘಟ್ಟದ ಮಳೆಗೆ ಮೈಯೊಡ್ಡಿ ನಿಂತ ಕಂಬ ಅದು. ನಮ್ಮ ದಕ್ಕೆಯಲ್ಲಿ ಬೀಳುವ ಮಳೆಗಿಂತ ಅದರ ಮೇಲೆ ಬೀಳುವುದು ಕಡಿಮೆಯೇನಲ್ಲ. ಹಿಂದಿನವರು ಇದ್ದಿಲಿನಲ್ಲಿ ಕಾಯಿಸಿ ಬಡಿದು ಮಾಡಿದ ಕಬ್ಬಿಣದ ಗುಣ ಬೇರೆ, ಇಂದಿನ ಕಾರ್ಖಾನೆಯ ಹಾಳೆಯ ಗುಣ ಬೇರೆ ಎನ್ನುವುದು ನಿಜ. ಅದರ ಜೊತೆಗೆ ಆ ಎತ್ತರದಲ್ಲಿ ಅಲೆಯ ತುಂತುರಿಲ್ಲ, ನಮ್ಮಲ್ಲಿ ಇದೆ. ನಮ್ಮ ಹಾಳೆಯನ್ನು ಹೆಚ್ಚಾಗಿ ತಿನ್ನುವುದು ಮಳೆಯ ನೀರಲ್ಲ, ಕಡಲ ಉಪ್ಪು. ಉಪ್ಪಿನ ಕ್ಲೋರೈಡ್ ಉಕ್ಕಿನ ಸಣ್ಣ ಸಣ್ಣ ಕುಳಿಗಳ ತಳಕ್ಕೆ ಇಳಿದು ಕೂರುತ್ತದೆ. ಕಡಲ ಉಪ್ಪಿನಲ್ಲಿ ಅಡುಗೆ ಉಪ್ಪಷ್ಟೇ ಅಲ್ಲ, ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದೆ. ಅದು ಗಾಳಿಯ ತೇವಾಂಶ ಸುಮಾರು ಶೇ 33 ಇದ್ದರೂ ಸಾಕು, ನೀರು ಎಳೆದುಕೊಂಡು ಕರಗುತ್ತದೆ. ನಮ್ಮ ಕರಾವಳಿಯಲ್ಲಿ ಗಾಳಿ ಅಷ್ಟು ಒಣಗುವ ದಿನ ಅಪರೂಪ. ಅಂದರೆ ಉಪ್ಪು ಉಳಿದ ಉಕ್ಕು ಬೇಸಗೆಯಲ್ಲೂ ಒಳಗೊಳಗೆ ಒದ್ದೆಯೇ. ಅದರ ಮೇಲೆ ಬಣ್ಣ ಬಳಿದರೆ ಆ ಉಪ್ಪು ಬಣ್ಣದ ಪೊರೆಯ ಮೂಲಕವೂ ನೀರನ್ನು ಎಳೆದು ಗುಳ್ಳೆ ಎಬ್ಬಿಸುತ್ತದೆ. ಹೊಸ ಬಣ್ಣದ ಗುಳ್ಳೆಯೊಂದನ್ನು ಚಾಕುವಿನ ಮೊನೆಯಿಂದ ಒಡೆದು ನೋಡಿ; ಒಳಗೆ ಕಂದು ನೀರು ಕಾಣಿಸಿದರೆ ತಿಳಿಯಿರಿ, ಬಣ್ಣದ ಡಬ್ಬಿಯಲ್ಲಿ ದೋಷವಿಲ್ಲ, ಕೆಳಗೆ ಉಪ್ಪು ಉಳಿದಿದೆ.

ಆದ್ದರಿಂದ ಬಣ್ಣದ ಅಂಗಡಿಗೆ ಹೋಗುವ ಮೊದಲು ಸುತ್ತಿಗೆ ಹಿಡಿದು ಮಾಡು ಹತ್ತಿ. ಚಿಪ್ಪಿಂಗ್ ಸುತ್ತಿಗೆಯಿಂದ ಗೇಣು ಗೇಣಿಗೆ ಒಂದು ಪೆಟ್ಟು ಹಾಕುತ್ತ ಬನ್ನಿ. ಗಟ್ಟಿ ಇರುವಲ್ಲಿ ಠಣ್ ಎಂದು ಮರುದನಿ ಬರುತ್ತದೆ, ಸುತ್ತಿಗೆ ಪುಟಿಯುತ್ತದೆ. ಆಂಟೆನಾ ಕಂಬಿಯ ಬುಡಕ್ಕೆ, ಏಣಿ ತಾಗುವ ಅಂಚಿಗೆ, ಎರಡು ಹಾಳೆಗಳ ಬೆಸುಗೆಯ ಗೆರೆಗೆ ಬಂದಾಗ ದನಿ ಬದಲಾಗುತ್ತದೆ, ಬೊದ್ದೆಂದು ಸತ್ತ ದನಿ. ಬಣ್ಣ ಅಲ್ಲಿ ನುಣ್ಣಗೆ ಬಿಳಿಯಾಗೇ ಇರುತ್ತದೆ. ಇನ್ನೆರಡು ಪೆಟ್ಟು ಹಾಕಿದರೆ ಬಿಳಿ ಸೀಳುತ್ತದೆ, ಕೆಳಗೆ ಹಳೆಯ ಹಸಿರು, ಅದರ ಕೆಳಗೆ ರೆಡ್ ಆಕ್ಸೈಡ್, ಅದರ ಕೆಳಗೆ ಚಿರೋಟಿಯಂತೆ ಪದರ ಪದರವಾಗಿ ಎದ್ದ ತುಕ್ಕು. ಬೆರಳಲ್ಲಿ ಎತ್ತಿದರೆ ಹಾಳೆ ಹಾಳೆಯಾಗಿ ಬರುತ್ತದೆ. ಕೊನೆಯ ಪದರದ ಒಳಮೈ ಕಪ್ಪು, ಒದ್ದೆ. ಹೆದರಬೇಡಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ, ಹಾಗಾಗಿ ಅಷ್ಟು ದಪ್ಪದ ತುಕ್ಕಿನ ಹಿಂದೆ ಹೋದ ಉಕ್ಕು ನೋಡಿದಷ್ಟು ದೊಡ್ಡದಲ್ಲ. ಆದರೆ ಎಷ್ಟು ಹೋಗಿದೆ ಎಂದು ಅಳೆಯದೆ ಬಿಡಬೇಡಿ. ಅಲ್ಟ್ರಾಸಾನಿಕ್ ದಪ್ಪಮಾಪಕವನ್ನು ಸ್ವಚ್ಛವಾಗಿ ಕೆರೆದ ಉಕ್ಕಿನ ಮೇಲಿಟ್ಟರೆ ಒಂದೇ ಕ್ಷಣದಲ್ಲಿ ಅಂಕಿ ತೋರಿಸುತ್ತದೆ.

ಕೆತ್ತುವ ಮೊದಲು ಒಂದು ಕೆಲಸವಿದೆ, ಅದನ್ನು ಬಹುಮಂದಿ ಬಿಡುತ್ತಾರೆ. ಮಾಡಿನ ಮೇಲೆ ಎಕ್ಸಾಸ್ಟಿನ ಮಸಿ, ಡೀಸೆಲ್, ಗ್ರೀಸ್, ಮೀನಿನ ಎಣ್ಣೆ ಎಲ್ಲ ಕೂತಿರುತ್ತವೆ. ಅದನ್ನು ಮೊದಲು ಸೋಪಿನ ನೀರಿನಿಂದ ಉಜ್ಜಿ ತೆಗೆಯದೆ ಗ್ರೈಂಡರ್ ಇಟ್ಟರೆ ಆ ಜಿಡ್ಡನ್ನೇ ಉಕ್ಕಿನ ಗೀರುಗಳೊಳಗೆ ತಿಕ್ಕಿದಂತಾಗುತ್ತದೆ. ಸೀಮೆಎಣ್ಣೆ, ಡೀಸೆಲ್ ಬಟ್ಟೆಯಿಂದ ಒರೆಸುವುದು ಇನ್ನೂ ಕೆಟ್ಟದು, ಅವು ತಾವೇ ಒಂದು ಪೊರೆ ಬಿಟ್ಟುಹೋಗುತ್ತವೆ.

ಗಟ್ಟಿ ತುಕ್ಕಿಗೆ ಸುತ್ತಿಗೆ ಅಥವಾ ನೀಡಲ್ ಗನ್ ಬೇಕು. ಗ್ರೈಂಡರಿನ ವೈರ್ ಚಕ್ರ ನೋಡಲು ಚುರುಕು, ಆದರೆ ಅದು ಗಟ್ಟಿ ತುಕ್ಕನ್ನು ತೆಗೆಯುವ ಬದಲು ಪಾಲಿಷ್ ಮಾಡುತ್ತದೆ. ಕಂದು ಹೋಗಿ ಕಪ್ಪಾಗಿ ಮಿನುಗುವುದನ್ನು ಕಂಡು ಉಕ್ಕು ಬಂತು ಎಂದುಕೊಳ್ಳುತ್ತೇವೆ. ಅದು ನುಣುಪಾದ ತುಕ್ಕೇ, ಅದರ ಮೇಲೆ ಪ್ರೈಮರಿಗೆ ಹಿಡಿತ ಸಿಗುವುದಿಲ್ಲ. ಕೆತ್ತಿದ ಮೇಲೆ 40 ಅಥವಾ 60 ನಂಬರಿನ ಸ್ಯಾಂಡಿಂಗ್ ಡಿಸ್ಕ್ ಹಾಕಿ, ಬೂದು ಬಣ್ಣದ ಲೋಹ ಕಾಣುವವರೆಗೆ, ಕೈಯಾಡಿಸಿದರೆ ತರಿತರಿ ತಾಗುವವರೆಗೆ. ಗಟ್ಟಿಯಾಗಿ ಉಳಿದ ಹಳೆಯ ಬಣ್ಣದ ಅಂಚನ್ನು ಇಳಿಜಾರಾಗಿ ಸವೆಯಿಸಿ. ಮೆಟ್ಟಿಲಿನಂತೆ ನಿಂತ ಅಂಚಿನಲ್ಲಿ ಹೊಸ ಬಣ್ಣ ತೆಳುವಾಗುತ್ತದೆ, ಅಲ್ಲಿಂದಲೇ ಮತ್ತೆ ಶುರು. ಹಾಳೆಯ ಚೂಪಾದ ತುದಿಗಳನ್ನೂ ಉರುಟು ಮಾಡಿ. ಬಣ್ಣ ಹಸಿಯಿದ್ದಾಗ ಚೂಪು ತುದಿಯಿಂದ ಹಿಂದೆ ಸರಿಯುತ್ತದೆ. ದಿನದ ಕೊನೆಗೆ ಗ್ರೈಂಡರಿನ ಕಬ್ಬಿಣದ ಹುಡಿ ಗುಡಿಸದೆ ಹೋದರೆ ಬೆಳಗ್ಗೆ ಪಕ್ಕದ ಬೋಟಿನ ಬಿಳಿ ಬಣ್ಣದ ಮೇಲೂ ಕೆಂಪು ಚುಕ್ಕೆ ಎದ್ದಿರುತ್ತವೆ, ಅದರ ಜಗಳ ಬೇರೆ.

ಮರಳು ಅಥವಾ ಗ್ರಿಟ್ ಹೊಡೆಸುವ ಅನುಕೂಲವಿದ್ದರೆ ಅದಕ್ಕೆ ಸಮ ಯಾವುದೂ ಇಲ್ಲ. ಹಡಗುಕಟ್ಟೆಯವರು ಎಸ್‌ಎ ಎರಡೂವರೆ ಎಂದು ಕರೆಯುವ ದರ್ಜೆ ಅದರಿಂದಲೇ ಸಿಗುವುದು. ಹೊಸ ಬೋಟು ಕಟ್ಟಿಸುವವರಂತೂ ಅದನ್ನು ಬಿಡಲೇಬೇಡಿ. ಹೊಸ ಹಾಳೆಯ ಮೇಲೆ ಕಾಣುವ ನೀಲಿಗಪ್ಪು ಪೊರೆ, ಮಿಲ್ ಸ್ಕೇಲ್, ನೋಡಲು ಗಟ್ಟಿ. ಆದರೆ ಅದು ಬಿರುಕು ಬಿಟ್ಟಲ್ಲಿ ಪಕ್ಕದ ಉಕ್ಕನ್ನು ಬೇಗ ತುಕ್ಕಿಗೆ ತಳ್ಳುತ್ತದೆ, ಬಣ್ಣವನ್ನೂ ಹೊತ್ತುಕೊಂಡು ಉದುರುತ್ತದೆ. ಎರಡೇ ವರ್ಷದ ಬೋಟು ಹೀಗೇಕಾಯಿತು ಎಂದು ಕೇಳುವವರು ಹಾಳೆ ಬಂದಾಗ ಅದನ್ನು ತೆಗೆಸಿದ್ದೆವೇ ಎಂದು ಮೊದಲು ನೆನಪು ಮಾಡಿಕೊಳ್ಳಲಿ. ಆದರೆ ಸಾಲಾಗಿ ಕಟ್ಟಿದ ಬೋಟುಗಳ ನಡುವೆ ಮರಳು ಹೊಡೆಯುವುದು ಎಲ್ಲ ಕಡೆ ಆಗದು. ಕೈ ಉಪಕರಣಗಳಿಂದಲೇ ಮಾಡುವವರಿಗೆ ಮಳೆಯ ಸಹಾಯ ಇನ್ನೂ ಹೆಚ್ಚು ಬೇಕು.

ಈಗ ಮಳೆಯ ವಿಷಯಕ್ಕೆ ಬರುತ್ತೇನೆ, ಈ ಪತ್ರದ ತಿರುಳು ಅದೇ. ಸುತ್ತಿಗೆ, ಡಿಸ್ಕ್ ಎಷ್ಟೇ ಆಡಿಸಿದರೂ ಕುಳಿಗಳ ತಳದ ಉಪ್ಪು ಹೋಗುವುದಿಲ್ಲ. ಉಪ್ಪು ಹೋಗುವುದು ಸಿಹಿನೀರಿನಿಂದ, ಅದೂ ಮತ್ತೆ ಮತ್ತೆ ತೊಳೆದರೆ. ಬಂದರಿನಲ್ಲಿ ಸಿಹಿನೀರಿಗೆ ಎಷ್ಟು ತತ್ವಾರ ಎಂಬುದು ನಿಮಗೆ ಗೊತ್ತು. ಆದರೆ ಜೂನ್, ಜುಲೈಗಳಲ್ಲಿ ಆಕಾಶವೇ ಅದನ್ನು ಸುರಿಯುತ್ತದೆ. ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಜುಲೈ ಒಂದೇ ತಿಂಗಳಲ್ಲಿ 1000 ಮಿ.ಮೀ. ಮೀರಿ ಮಳೆಯಾಗುವುದು ವಾಡಿಕೆ. ಬೆತ್ತಲೆ ಉಕ್ಕನ್ನು ಮಳೆಗೆ ಬಿಡಬೇಡಿ ಎಂದು ಎಲ್ಲರೂ ಹೇಳುತ್ತಾರೆ, ನಾನು ಕೆಲವು ದಿನ ಬಿಡಿ ಎನ್ನುತ್ತಿದ್ದೇನೆ. ಕೆತ್ತಿದ ಉಕ್ಕು ಮಳೆಯಲ್ಲಿ ನೆನೆದು ಕಿತ್ತಳೆ ಬಣ್ಣದ ಹೂತುಕ್ಕು ಏಳುತ್ತದೆ. ಅದು ತೆಳು, ಗಟ್ಟಿ ಬ್ರಷ್ಷಿಗೆ ಬರುತ್ತದೆ. ಹಾಗೆ ಏಳುವಾಗ ಕುಳಿಯ ತಳದ ಉಪ್ಪು ಸ್ವಲ್ಪ ಸ್ವಲ್ಪವೇ ಮೇಲೆ ಬರುತ್ತದೆ. ಮಳೆ ಬೀಳುತ್ತಿರುವಾಗಲೇ ನೈಲಾನ್ ಬ್ರಷ್ಷಿನಿಂದ ಉಜ್ಜಿ, ನೀರು ಹರಿದುಹೋಗಲಿ. ಮರುದಿನ ಮತ್ತೆ ಉಜ್ಜಿ. ಉಜ್ಜಿ ಒಣಗಿಸಿದ ಮೇಲೆ ಯಾವ ಜಾಗ ಒಂದೆರಡು ಗಂಟೆಯಲ್ಲೇ ಮತ್ತೆ ಕಪ್ಪಗೆ ಒದ್ದೆಯಾಗಿ ಬೆವರುತ್ತದೋ ಅಲ್ಲಿ ಉಪ್ಪಿನ್ನೂ ಇದೆ ಎಂದು ಗುರುತು ಹಾಕಿ. ಇಡೀ ಮಾಡು ಒಂದೇ ಸಮನೆ ತಿಳಿ ಕಿತ್ತಳೆಗೆ ತಿರುಗುವಂತಾದರೆ ತೊಳೆತ ಸಾಕು.

ಇಲ್ಲಿ ರಸ್ಟ್ ಕನ್ವರ್ಟರಿನ ಮಾತು ಬರುತ್ತದೆ. ಬಾಟಲಿಯ ದ್ರವ ಹಚ್ಚಿದೊಡನೆ ತುಕ್ಕು ಕಪ್ಪಾಗುತ್ತದೆ, ಕೆಲಸ ಮುಗಿಯಿತು ಎನಿಸುತ್ತದೆ. ಇವುಗಳಲ್ಲಿ ಹೆಚ್ಚಿನವು ಟ್ಯಾನಿಕ್ ಆಮ್ಲ ಅಥವಾ ಫಾಸ್ಫಾರಿಕ್ ಆಮ್ಲದವು. ಟ್ಯಾನಿನ್ ನಮಗೆ ಹೊಸದಲ್ಲ. ಅಳಲೆಕಾಯಿಯ ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುವುದನ್ನು ಹಿಂದಿನವರು ಶಾಯಿಗೂ ಬಣ್ಣಕ್ಕೂ ಬಳಸಿದ್ದರು. ಹತ್ತಿಯ ಬಲೆಗಳ ಕಾಲದಲ್ಲಿ ಬಲೆ ಕೊಳೆಯದಿರಲೆಂದು ಮರದ ತೊಗಟೆಯ ಚೊಗರಿನಲ್ಲಿ ಅದ್ದುತ್ತಿದ್ದರು. ಅದೇ ಚೊಗರು ತೆಳು ತುಕ್ಕಿನೊಡನೆ ಸೇರಿ ಒಂದು ಕಪ್ಪು ಪೊರೆ ಕಟ್ಟುತ್ತದೆ. ಆದರೆ ಅದು ತಲುಪುವುದು ಮೇಲಿನ ತೆಳು ಪದರಕ್ಕೆ. ಪದರಗಟ್ಟಿದ ತುಕ್ಕಿನ ಮೇಲೆ ಸುರಿದರೆ ಮೇಲ್ಮೈ ಕಪ್ಪಾಗಿ ಒಳಗಿನ ತುಕ್ಕು ಹಾಗೇ ಇರುತ್ತದೆ; ಉಪ್ಪನ್ನಂತೂ ಅದು ಏನೂ ಮಾಡದು. ಕೆತ್ತಿ ತೊಳೆದ ಮೇಲೂ ಬ್ರಷ್ ತಲುಪದ ಕುಳಿಗಳಿಗೆ, ಬೆಸುಗೆಯ ಮೂಲೆಗಳಿಗೆ ಅದನ್ನು ಮಿತವಾಗಿ ಬಳಸಬಹುದು. ಅದರ ಮೇಲೆ ಎಪಾಕ್ಸಿ ಹಚ್ಚುವುದಾದರೆ ಎಪಾಕ್ಸಿಯ ಕಂಪನಿ ಒಪ್ಪುತ್ತದೆಯೇ ಎಂದು ಡಬ್ಬಿಯ ಜೊತೆಗಿನ ಹಾಳೆ ಓದಿ. ಎಷ್ಟೋ ಎಪಾಕ್ಸಿಗಳಿಗೆ ಉಳಿದ ಆಮ್ಲ ಆಗದು. ನನ್ನನ್ನು ಕೇಳಿದರೆ ಕನ್ವರ್ಟರಿಗೆ ಕೊಡುವ ದುಡ್ಡಿನಲ್ಲಿ ಇನ್ನೊಂದು ದಿನ ಕೆತ್ತಿಸಿ.

ತೂತಾದ ಹಾಳೆಗೆ ಪುಟ್ಟಿ ಮದ್ದಲ್ಲ. ಸುತ್ತಿಗೆಯ ಮೊನೆ ಒಳಕ್ಕೆ ಹೋಯಿತೆಂದರೆ, ಅಥವಾ ಮಾಪಕದಲ್ಲಿ ಮೂಲ ದಪ್ಪದ ಅರ್ಧ ಹೋಗಿದೆಯೆಂದು ಕಂಡರೆ, ಆ ತುಂಡನ್ನು ಕತ್ತರಿಸಿ ಹೊಸ ಹಾಳೆ ಕೂರಿಸಿ ಬೆಸೆಯಿಸಿ. ಹಳೆಯ ಹಾಳೆಯ ಮೇಲೆಯೇ ಇನ್ನೊಂದು ತೇಪೆ ಬೆಸೆಯುವುದು ಸುಲಭ, ಅಗ್ಗ. ಆದರೆ ಎರಡು ಹಾಳೆಗಳ ನಡುವೆ ಸೇರಿದ ತೇವ ಹೊರಬರದು, ತುಕ್ಕು ಅಲ್ಲಿ ಕಾಣದ ಹಾಗೆ ಬೆಳೆಯುತ್ತದೆ. ಬೆಸುಗೆಯನ್ನು ತುಂಡು ತುಂಡಾಗಿ ಬಿಡದೆ ಉದ್ದಕ್ಕೂ ಕಟ್ಟಿಸಿ. ವೆಲ್ಡಿಂಗ್ ಕಿಡಿ ಬೀಳುವ ಮೊದಲು ಕ್ಯಾಬಿನ್ನಿನ ಒಳಗಿನ ಪ್ಲೈವುಡ್ ಬಿಚ್ಚಲೇಬೇಕು. ಬಿಚ್ಚಿದಾಗ ಮಾಡಿನ ಒಳಮೈಯನ್ನೂ ನೋಡಿ. ಒಳಗೆ ಅಡುಗೆಯ ಹಬೆ, ಹತ್ತು ಜನರ ಉಸಿರು. ರಾತ್ರಿ ಹಾಳೆ ತಣ್ಣಗಾದಾಗ ಅದೆಲ್ಲ ನೀರಾಗಿ ಪ್ಲೈವುಡ್ ಹಿಂದೆ ಇಳಿಯುತ್ತದೆ. ಮೇಲಿನಿಂದ ಎಷ್ಟು ಬಣ್ಣ ಬಳಿದರೂ ನಿಲ್ಲದ ತುಕ್ಕು ಕೆಲವೊಮ್ಮೆ ಕೆಳಗಿನಿಂದ ಬಂದದ್ದಾಗಿರುತ್ತದೆ.

ಪುಟ್ಟಿ ಯಾಕೆ ತುಂಬುತ್ತೇವೆ? ಚಂದಕ್ಕೆ ಎಂದು ಹೆಚ್ಚಿನವರ ಉತ್ತರ. ಮಾಡಿನ ಮಟ್ಟಿಗೆ ನಿಜವಾದ ಕಾರಣ ನೀರು ನಿಲ್ಲದಿರಲಿ ಎಂಬುದು. ಕೆಳಗಿನ ತೊಲೆಗಳಿಗೆ ಬೆಸೆದಾಗ ಹಾಳೆ ಬಿಸಿಗೆ ಎಳೆದುಕೊಂಡು ತೊಲೆ ತೊಲೆಯ ನಡುವೆ ಸ್ವಲ್ಪ ತಗ್ಗಾಗುತ್ತದೆ. ಆ ತಗ್ಗಿನಲ್ಲಿ ತುಂತುರು ನಿಂತು, ಬಿಸಿಲಿಗೆ ಆವಿಯಾಗಿ, ಉಪ್ಪು ಮಾತ್ರ ಉಳಿಯುತ್ತದೆ. ಮಾರನೆಯ ದಿನ ಇನ್ನೊಂದಿಷ್ಟು. ಆದ್ದರಿಂದ ಒಂದು ಬಕೆಟ್ ನೀರನ್ನು ಮಾಡಿನ ಮೇಲೆ ಚೆಲ್ಲಿ, ಹರಿಯುವುದು ಹರಿದುಹೋಗಲಿ. ಎಲ್ಲಿ ನಿಂತಿತೋ ಆ ನೀರಿನ ಅಂಚನ್ನು ಸೀಮೆಸುಣ್ಣದಿಂದ ಬರೆಯಿರಿ, ಅದು ನಿಮ್ಮ ಪುಟ್ಟಿಯ ನಕ್ಷೆ. ಬೋಟು ದಕ್ಕೆಯಲ್ಲಿ ನಿಂತಾಗಲೂ ಐಸ್, ಡೀಸೆಲ್ ತುಂಬಿದಾಗಲೂ ಅದರ ವಾಲು ಬೇರೆ ಬೇರೆ; ಎರಡೂ ಹೊತ್ತಲ್ಲಿ ನೋಡಿದರೆ ಒಳ್ಳೆಯದು. ತಗ್ಗು ತೀರಾ ಆಳವಿದ್ದರೆ ತುಂಬುವ ಬದಲು ನೀರು ಹೊರಹೋಗಲು ಅಂಚಿನಲ್ಲಿ ದಾರಿ ಮಾಡಿಕೊಡಿ.

ಪುಟ್ಟಿಯ ಕ್ರಮದಲ್ಲಿ ನಮ್ಮ ಬಂದರುಗಳಲ್ಲಿ ಬಹಳ ಕಡೆ ತಪ್ಪು ನಡೆಯುತ್ತಿದೆ. ಬರಿಯ ಉಕ್ಕಿನ ಮೇಲೆ ನೇರವಾಗಿ ಪುಟ್ಟಿ ಒತ್ತಿ, ಆಮೇಲೆ ಪ್ರೈಮರ್ ಹಚ್ಚುತ್ತಾರೆ. ಮೊದಲು ಉಕ್ಕಿಗೆ ಎಪಾಕ್ಸಿ ಪ್ರೈಮರ್ ಆಗಬೇಕು, ಅದು ಒಣಗಿದ ಮೇಲೆ ಪುಟ್ಟಿ, ಪುಟ್ಟಿ ಉಜ್ಜಿ ಸಮಮಾಡಿದ ಮೇಲೆ ಮತ್ತೆ ಪ್ರೈಮರ್. ಆಗ ಪುಟ್ಟಿಗೆ ನೀರು ಸೇರಿದರೂ ಉಕ್ಕನ್ನು ಮುಟ್ಟಲು ಒಂದು ಗೋಡೆ ಅಡ್ಡ ಇರುತ್ತದೆ. ಪುಟ್ಟಿಯೂ ಎಪಾಕ್ಸಿಯದೇ ಆಗಲಿ, ಎರಡು ಡಬ್ಬಿ ಕಲಸುವ ಬಗೆಯದು. ಕಾರಿನ ಡೆಂಟ್ ತುಂಬುವ ಪಾಲಿಯೆಸ್ಟರ್ ಪೇಸ್ಟ್ ಬೇಗ ಗಟ್ಟಿಯಾಗುತ್ತದೆ, ಉಜ್ಜಲೂ ಸುಲಭ, ಹಾಗಾಗಿ ಕೆಲಸಗಾರರಿಗೆ ಅದೇ ಪ್ರಿಯ. ಆದರೆ ಅದರಲ್ಲಿ ಟಾಲ್ಕ್ ಪುಡಿ ಹೆಚ್ಚು, ಅದು ನೀರು ಹೀರುತ್ತದೆ. ಕಾರು ಶೆಡ್ಡಿನಲ್ಲಿ ಮಲಗುತ್ತದೆ, ಬೋಟು ಕಡಲಲ್ಲಿ. ಗೋಡೆಯ ಪುಟ್ಟಿಯನ್ನು ಬೋಟಿಗೆ ಬಳಿದವರೂ ಇದ್ದಾರೆ, ದಯವಿಟ್ಟು ಬೇಡ. ಎಪಾಕ್ಸಿ ಪುಟ್ಟಿಯನ್ನು ಒಮ್ಮೆಗೇ ದಪ್ಪ ಹೊರಿಸದೆ ತೆಳು ತೆಳುವಾಗಿ ಎರಡು ಮೂರು ಸಲ ಹಾಕಿ, ಅಗಲವಾದ ಪಟ್ಟಿಯಿಂದ ಗಟ್ಟಿಯಾಗಿ ಒತ್ತಿ ಎಳೆಯಿರಿ. ಕುಳಿಯೊಳಗೆ ಗಾಳಿ ಉಳಿದರೆ ಬಿಸಿಲಿಗೆ ಹಿಗ್ಗಿ ಪುಟ್ಟಿಯನ್ನೇ ಎತ್ತುತ್ತದೆ.

ಇಷ್ಟು ಹೊತ್ತಿಗೆ ಮಳೆಯಿಂದ ಪಡೆಯಬೇಕಾದದ್ದು ಪಡೆದಾಯಿತು, ಇನ್ನು ಅದನ್ನು ಹೊರಗಿಡಬೇಕು. ಬಣ್ಣದ ಕಂಪನಿಗಳೆಲ್ಲ ಸಾಮಾನ್ಯವಾಗಿ ಹೇಳುವ ನಿಯಮ ಎರಡು: ಗಾಳಿಯ ತೇವಾಂಶ ಶೇ 85 ಮೀರಿರಬಾರದು, ಉಕ್ಕಿನ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬಿಸಿಯಾಗಿರಬೇಕು. ಜುಲೈಯ ಒಂದು ಮಧ್ಯಾಹ್ನ 28 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 90 ಎಂದಿಟ್ಟುಕೊಳ್ಳಿ. ಇಬ್ಬನಿ ಕಟ್ಟುವುದು ಸುಮಾರು 26 ಡಿಗ್ರಿಗೆ. ಅಂತರ ಎರಡೇ ಡಿಗ್ರಿ, ಅಂದರೆ ಕಣ್ಣಿಗೆ ಒಣಗಿದಂತೆ ಕಾಣುವ ಹಾಳೆಯ ಮೇಲೂ ಕಾಣದ ತೇವ ಇರಬಹುದು. ಜನವರಿಯಲ್ಲಿ 32 ಡಿಗ್ರಿ, ಶೇ 50 ಇದ್ದರೆ ಇಬ್ಬನಿಯ ಮಟ್ಟ 20ರ ಆಸುಪಾಸು. ಅಂತರ ಹನ್ನೊಂದಕ್ಕೂ ಹೆಚ್ಚು. ಅದೇ ಬಣ್ಣ, ಅದೇ ಕೆಲಸಗಾರ, ಫಲ ಮಾತ್ರ ಬೇರೆ.

ಜುಲೈಯಲ್ಲೇ ಮಾಡಬೇಕಾದವರಿಗೆ ಚಪ್ಪರವೇ ಗತಿ. ಕೊಳವೆಯ ಅಥವಾ ಅಡಿಕೆ ಮರದ ಚೌಕಟ್ಟು ಕಟ್ಟಿ ಟಾರ್ಪಾಲಿನ್ ಹೊದಿಸಿ. ಮಾಡಿನಿಂದ ಆಳೆತ್ತರ ಇರಲಿ, ಎರಡು ತುದಿ ತೆರೆದಿರಲಿ, ಇಲ್ಲವಾದರೆ ಒಳಗೇ ಬೆವರುತ್ತದೆ. ಕ್ಯಾಬಿನ್ನಿನ ಒಳಗೆ ಹಿಂದಿನ ರಾತ್ರಿಯಿಂದ ವಿದ್ಯುತ್ ಹೀಟರ್ ಇಟ್ಟು ಬಾಗಿಲು ಮುಚ್ಚಿದರೆ ಹಾಳೆ ಕೆಳಗಿನಿಂದ ಬೆಚ್ಚಗಾಗಿ ಆ ಮೂರು ಡಿಗ್ರಿ ಸಿಗುತ್ತದೆ. ಥಿನ್ನರ್ ಡಬ್ಬಿ ತೆರೆಯುವ ಮೊದಲು ಆರಿಸಿ. ಗ್ಯಾಸ್ ಒಲೆ ಉರಿಸಬೇಡಿ. ಅನಿಲ ಉರಿದಾಗ ಹುಟ್ಟುವುದರಲ್ಲಿ ನೀರಿನ ಆವಿಯೂ ಒಂದು, ತೇವ ಇನ್ನೂ ಹೆಚ್ಚುತ್ತದೆ. ಬೆಳಗ್ಗೆ ತಡವಾಗಿ ಶುರುಮಾಡಿ ಮಧ್ಯಾಹ್ನ ಮೂರರೊಳಗೆ ಬ್ರಷ್ ಕೆಳಗಿಡಿ. ಆಕಾಶಕ್ಕೆ ಮುಖ ಮಾಡಿದ ಹಾಳೆ ಸಂಜೆಗೆ ಗಾಳಿಗಿಂತ ಬೇಗ ತಣಿಯುತ್ತದೆ. ಎಪಾಕ್ಸಿ ತೇವದಲ್ಲಿ ಒಣಗಿದರೆ ಮೇಲೆ ಜಿಡ್ಡಿನಂಥ ಪೊರೆ ಬರುತ್ತದೆ. ಅದನ್ನು ಬಿಸಿನೀರು, ಸ್ಕ್ರಬ್ಬರಿನಿಂದ ತೊಳೆದು ಒಣಗಿಸದೆ ಮುಂದಿನ ಕೋಟು ಹಚ್ಚಿದರೆ ಕೋಟಿಗೆ ಕೋಟು ಬಿಡುತ್ತದೆ.

ಬಣ್ಣ ಯಾವುದು ಎಂದು ಎಲ್ಲರೂ ಮೊದಲು ಕೇಳುತ್ತಾರೆ, ನಾನು ಕೊನೆಗೆ ಹೇಳುತ್ತಿದ್ದೇನೆ. ಕೈಯಿಂದ ಕೆತ್ತಿದ ಉಕ್ಕಿಗೆ ಸರ್ಫೇಸ್ ಟಾಲರೆಂಟ್ ಎನ್ನುವ ಎಪಾಕ್ಸಿ ಮಾಸ್ಟಿಕ್ ಒಳ್ಳೆಯದು. ಜಿಂಕ್ ರಿಚ್ ಪ್ರೈಮರ್ ದುಬಾರಿ, ಹೆಸರೂ ದೊಡ್ಡದು; ಆದರೆ ಅದರ ಸತು ನೇರ ಉಕ್ಕಿಗೆ ತಾಗಬೇಕು, ಗ್ರಿಟ್ ಹೊಡೆಯದ ಮೈಮೇಲೆ ಅದು ವ್ಯರ್ಥ. ಬರೀ ರೆಡ್ ಆಕ್ಸೈಡಿನ ಕೆಂಪು ತಾನೇ ಒಂದು ಬಗೆಯ ಕಬ್ಬಿಣದ ಆಕ್ಸೈಡ್. ಅದು ಮುಚ್ಚಿಗೆ ಕೊಡುತ್ತದೆ, ತುಕ್ಕನ್ನು ತಡೆಯುವ ಗುಣ ಅದರಲ್ಲಿಲ್ಲ. ಮೇಲಿನ ಕೋಟು ಪಾಲಿಯುರೆಥೇನ್ ಆದರೆ ಬಿಸಿಲಿಗೆ ನಿಲ್ಲುತ್ತದೆ, ಎಪಾಕ್ಸಿಯನ್ನು ಹಾಗೇ ಬಿಟ್ಟರೆ ಬಿಸಿಲಿಗೆ ಸುಣ್ಣದಂತೆ ಪುಡಿಯಾಗುತ್ತದೆ. ಬಣ್ಣ ಬಿಳಿ ಅಥವಾ ತಿಳಿ ಛಾಯೆಯದೇ ಇರಲಿ, ಕೆಳಗೆ ಮಲಗುವವರಿಗೆ ತಂಪು. ನಡೆದಾಡುವ ಪಟ್ಟಿಯಲ್ಲಿ ಹಸಿ ಬಣ್ಣದ ಮೇಲೆ ಜರಡಿ ಹಿಡಿದ, ತೊಳೆದ ಹೊಳೆಮರಳು ಉದುರಿಸಿ. ಕಡಲಮರಳು ಬೇಡವೇ ಬೇಡ.

ದಪ್ಪದ ಲೆಕ್ಕ ಮಾಲಕರಿಗೆ ಗೊತ್ತಿರಬೇಕು. ಒಂದು ಲೀಟರ್ ಬಣ್ಣದಲ್ಲಿ ಶೇ 60 ಘನಾಂಶವಿದ್ದರೆ, 100 ಮೈಕ್ರಾನ್ ದಪ್ಪಕ್ಕೆ ಅದು ಸಾಲುವುದು 6 ಚದರ ಮೀಟರಿಗೆ. ಥಿನ್ನರ್ ಸುರಿದು 20 ಚದರ ಮೀಟರಿಗೆ ಎಳೆದರೆ ಉಳಿಯುವುದು 30 ಮೈಕ್ರಾನ್. ಉಳಿತಾಯ ಆಯಿತೆಂದು ಹಿಗ್ಗಿದ್ದು ಅಲ್ಲೇ ಸೋರಿಹೋಯಿತು. ಎಲ್ಲ ಕೋಟು ಸೇರಿ 250ರಿಂದ 300 ಮೈಕ್ರಾನ್ ಆಗಲಿ. ಬೆಸುಗೆಯ ಗೆರೆ, ಹಾಳೆಯ ತುದಿ, ಬೋಲ್ಟಿನ ಸುತ್ತ ಪ್ರತಿ ಕೋಟಿಗೂ ಮುಂಚೆ ಸಣ್ಣ ಬ್ರಷ್ಷಿನಿಂದ ಒಂದು ಕೈ ಹೆಚ್ಚಿಗೆ ಆಗಲಿ. ಬಿಚ್ಚಿದ ಆಂಟೆನಾ, ಲೈಟುಗಳನ್ನು ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಸೀಲಂಟ್, ನೈಲಾನ್ ವಾಷರ್ ಹಾಕಿ ಕೂರಿಸಿ. ಸ್ಟೇನ್‌ಲೆಸ್ ಬೋಲ್ಟು ತಾನು ತುಕ್ಕು ಹಿಡಿಯದೆ ಪಕ್ಕದ ಹಾಳೆಗೆ ಹಿಡಿಸುತ್ತದೆ. ಇದಕ್ಕೆಲ್ಲ ದುಡ್ಡು ಸಾಲದಿದ್ದರೆ ಬಣ್ಣದ ದರ್ಜೆ ಇಳಿಸಿ, ಕೆತ್ತುವ ತೊಳೆಯುವ ದಿನ ಇಳಿಸಬೇಡಿ. ಚೆನ್ನಾಗಿ ತಯಾರಾದ ಹಾಳೆಯ ಮೇಲಿನ ಸಾದಾ ಬಣ್ಣವನ್ನು ನಾನು ನಂಬುತ್ತೇನೆ, ತುಕ್ಕಿನ ಮೇಲಿನ ದುಬಾರಿ ಬಣ್ಣವನ್ನಲ್ಲ.

ಕೆಲಸಗಾರ ಗೆಳೆಯರೇ, ನಿಮ್ಮಲ್ಲಿ ಊರವರೂ ಇದ್ದೀರಿ, ಒಡಿಶಾ, ಆಂಧ್ರ, ತಮಿಳುನಾಡಿನಿಂದ ಬಂದವರೂ ಇದ್ದೀರಿ. ಬಾಯಿಗೆ ಕಟ್ಟಿದ ಟವೆಲ್ ಸಾಲುವುದಿಲ್ಲ. ಹಳೆಯ ಬಣ್ಣದ ಧೂಳಿನಲ್ಲಿ ಸೀಸ, ಕ್ರೋಮೇಟ್ ಇರಬಹುದು. ಕ್ರೋಮೇಟ್ ಕ್ಯಾನ್ಸರ್ ತರುವ ವಸ್ತು. ಒಣ ಕೆತ್ತುವಾಗ ಧೂಳಿನ ಮಾಸ್ಕ್, ಥಿನ್ನರ್ ಮತ್ತು ಪಾಲಿಯುರೆಥೇನಿಗೆ ಕಾರ್ಟ್ರಿಜ್ ಇರುವ ಮಾಸ್ಕ್, ಕಣ್ಣಿಗೆ ಕನ್ನಡಕ, ಎಪಾಕ್ಸಿ ಕಲಸುವಾಗ ಕೈಗೆ ಗ್ಲೌಸ್ ಕೇಳಿ ಪಡೆಯಿರಿ. ಮಾಲಕರೇ, ಅವರು ಕೇಳುವ ಮೊದಲೇ ಕೊಡಿ. ಗ್ರೈಂಡರ್ ಆಡುವಲ್ಲಿ ಥಿನ್ನರ್ ಇರಬಾರದು, ನೀರು ಮತ್ತು ಬೆಂಕಿ ಆರಿಸುವ ಸಿಲಿಂಡರ್ ಇರಬೇಕು. ಸಾಲಾಗಿ ಕಟ್ಟಿದ ಬೋಟುಗಳಲ್ಲಿ ಒಂದಕ್ಕೆ ಹತ್ತಿದ ಬೆಂಕಿ ಹೇಗೆ ಹಬ್ಬುತ್ತದೆ ಎಂಬುದನ್ನು 2023ರ ನವೆಂಬರಿನಲ್ಲಿ ಗಂಗೊಳ್ಳಿ ಕಂಡಿದೆ.

ಬೋಟ್ ಮಾಲಕರ ಸಂಘಗಳಿಗೆ ಕೊನೆಯದಾಗಿ ಒಂದು ಮನವಿ. ದಪ್ಪಮಾಪಕ, ತೇವಾಂಶ ಮತ್ತು ಇಬ್ಬನಿಯ ಮಟ್ಟ ತೋರಿಸುವ ಮೀಟರ್, ಬಣ್ಣದ ದಪ್ಪ ನೋಡುವ ಗೇಜ್, ಬಿಚ್ಚಿ ಜೋಡಿಸಬಹುದಾದ ಒಂದೆರಡು ಚಪ್ಪರದ ಚೌಕಟ್ಟು, ಇವು ಪ್ರತಿಯೊಬ್ಬ ಮಾಲಕ ಕೊಳ್ಳಬೇಕಾದವಲ್ಲ. ಸಂಘ ಕೊಂಡು ಬಾಡಿಗೆಗೆ ಕೊಡಬಹುದು, ಬಳಸಲು ಇಬ್ಬರು ಹುಡುಗರಿಗೆ ಕಲಿಸಬಹುದು. ಜನವರಿಯ ಒಣಗಾಳಿಯಲ್ಲಿ, ಎರಡು ಟ್ರಿಪ್ಪುಗಳ ನಡುವೆ ಬೋಟು ದಕ್ಕೆಗೆ ಬಂದು ನಿಂತಾಗ, ಎದ್ದ ಗುಳ್ಳೆ, ಬಿಟ್ಟ ಅಂಚುಗಳನ್ನು ಆಗಲೇ ಕೆರೆದು ತೊಳೆದು ತೇಪೆ ಹಚ್ಚುವ ಅಭ್ಯಾಸ ಹಾಕಿಕೊಂಡರೆ ಜೂನಿನ ಕೆಲಸ ಅರ್ಧ ಕಡಿಮೆ. ಈ ಸಲದ ರಜೆಗೆ ಪ್ರತಿ ಬಂದರಿನಲ್ಲಿ ಎರಡು ಬೋಟುಗಳ ಮಾಡನ್ನಾದರೂ ಈ ಕ್ರಮದಲ್ಲಿ ಮಾಡಿಸಿ. ಯಾವ ದಿನ ಕೆತ್ತಿದಿರಿ, ಎಷ್ಟು ದಿನ ತೊಳೆದಿರಿ, ಬಣ್ಣ ಹಚ್ಚಿದ ಹೊತ್ತಿನ ತೇವಾಂಶ ಎಷ್ಟಿತ್ತು ಎಂದು ಬೋಟಿನ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಮೇ ತಿಂಗಳಲ್ಲಿ ಅವುಗಳ ಪಕ್ಕಕ್ಕೆ ಹಳೆಯ ಕ್ರಮದಲ್ಲಿ ಬಣ್ಣ ಕಂಡ ಎರಡು ಬೋಟುಗಳನ್ನು ನಿಲ್ಲಿಸಿ, ಸುತ್ತಿಗೆ ಹಿಡಿದು ನಾಲ್ಕರ ಮೇಲೂ ಹತ್ತಿ, ಬಡಿದು ನೋಡಿ. ಕರೆದರೆ ನಾನೂ ಬರುತ್ತೇನೆ.

ಇತಿ,
ಬೋಟ್ ಯಾರ್ಡಿನ ನಿಮ್ಮವನೇ ಒಬ್ಬ